ಎಸ್ತೇರಳ ಪುಸ್ತಕದ ‘ಹೋದು’

ಹೀಬ್ರೂ ಬೈಬಲಿನಲ್ಲಿ ಇಂಡಿಯಾದ ಹೆಸರು ಬರುವುದು ಎರಡೇ ಸಲ, ಎರಡೂ ಎಸ್ತೇರಳ ಪುಸ್ತಕದಲ್ಲಿ. ಪರ್ಷಿಯಾದ ದೊರೆ ಅಹಷ್ವೇರೋಷನ ರಾಜ್ಯ ‘ಹೋದು’ವಿನಿಂದ ‘ಕೂಷ್’ವರೆಗೆ ಹಬ್ಬಿತ್ತು, ಅದರಲ್ಲಿ 127 ಪ್ರಾಂತ್ಯಗಳಿದ್ದವು ಎಂದು ಕಥೆ ಶುರುವಾಗುತ್ತದೆ, ಎಂಟನೆಯ ಅಧ್ಯಾಯದಲ್ಲಿ ಅದೇ ಮಾತು ಮತ್ತೊಮ್ಮೆ ಬರುತ್ತದೆ. ಕೂಷ್ ಎಂದರೆ ಈಜಿಪ್ಟಿನ ದಕ್ಷಿಣದ ನಾಡು, ಇಂದಿನ ಸುಡಾನಿನ ಕಡೆಯದು. ಹೋದು ಎಂದರೆ ಇಂಡಿಯಾ. ‘ಬೈಬಲಿನಲ್ಲೂ ಭಾರತವಿದೆ’ ಎಂದು ಹೆಮ್ಮೆಪಡುವವರಿಗೆ ಆಧಾರ ಇದೇ. ಮಾತು ಸುಳ್ಳಲ್ಲ. ಆದರೆ ಅದು ಯಾವ ಭಾರತ, ಆ ಹೆಸರು ಯಾರ ಬಾಯಿಂದ ಹೀಬ್ರೂವಿಗೆ ಬಂತು ಎಂದು ಕೇಳಿದರೆ ಹೆಮ್ಮೆಗಿಂತ ಸ್ವಾರಸ್ಯವಾದ ಸಂಗತಿಗಳು ಸಿಗುತ್ತವೆ.

ಹೆಸರಿನ ಮೂಲ ಒಂದು ನದಿ. ಸಂಸ್ಕೃತದಲ್ಲಿ ಸಕಾರ ಇರುವ ಎಷ್ಟೋ ಕಡೆ ಇರಾನಿನ ಭಾಷೆಗಳಲ್ಲಿ ಹಕಾರ ಇರುತ್ತದೆ. ನಮ್ಮ ಸಪ್ತ ಅಲ್ಲಿ ‘ಹಫ್ತ್’. ಮುಂಬಯಿಯ ‘ಹಫ್ತಾ’ ಅದರದೇ ಮರಿ. ಹಾಗೆಯೇ ಸಿಂಧು ಹಳೆಯ ಪರ್ಷಿಯನ್ನಿನಲ್ಲಿ ‘ಹಿಂದುಶ್’. ಕೊನೆಯ ‘ಶ್’ ಬರಿಯ ವಿಭಕ್ತಿ. ಏಷ್ಯಾ ಮೈನರಿನ ಅಯೋನಿಯನ್ ಗ್ರೀಕರು ಪದದ ಮೊದಲಿನ ಹಕಾರವನ್ನು ಉಚ್ಚರಿಸುತ್ತಿರಲಿಲ್ಲ. ಅವರ ನಾಲಗೆಯಲ್ಲಿ ಹೆಸರು ‘ಇಂಡೋಸ್’ ಆಗಿ, ಮುಂದೆ ಇಂಡಿಯಾ ಆಯಿತು.

ಹೀಬ್ರೂ ಹಕಾರವನ್ನು ಉಳಿಸಿಕೊಂಡು ನಕಾರವನ್ನು ನುಂಗಿತು. ಇನ್ನೊಂದು ವ್ಯಂಜನಕ್ಕೆ ಅಂಟಿಕೊಂಡ ‘ನ್’ ಅದರಲ್ಲೇ ಕರಗಿಹೋಗುವುದು ಆ ಭಾಷೆಯ ಜಾಯಮಾನ. ಅರಬ್ಬಿಯಲ್ಲಿ ಮಗಳು ‘ಬಿಂತ್’, ಹೀಬ್ರೂವಿನಲ್ಲಿ ‘ಬತ್’. ನಿಯಮ ಬೇರೆಯಾದರೂ ಚೆನ್ನೈ ಕನ್ನಡಿಗರಿಗೆ ಇಂಥದ್ದು ಹೊಸದಲ್ಲ: ತಮಿಳಿನ ‘ಮೂನ್ಱು’ ನಮ್ಮಲ್ಲಿ ಮೂರು, ‘ಕನ್ಱು’ ಕರು. ಎಸ್ತೇರಳ ಪುಸ್ತಕದಲ್ಲಿ ಬರೆದಿರುವುದು ಹ, ದ, ವ ಎಂಬ ಮೂರೇ ಅಕ್ಷರ. ಎಷ್ಟೋ ಶತಮಾನಗಳ ನಂತರ ಆ ಪಠ್ಯಕ್ಕೆ ಸ್ವರಚಿಹ್ನೆ ಹಾಕಿದ ಮಸೋರೆಟ್ ಪಂಡಿತರು ದಕಾರದ ಹೊಟ್ಟೆಯೊಳಗೆ ಒಂದು ಚುಕ್ಕಿ ಇಟ್ಟರು. ದಕಾರ ಇಲ್ಲಿ ಒತ್ತಕ್ಷರ, ‘ಹೋದ್ದು’ ಎಂದು ಓದಬೇಕು ಎಂಬುದಕ್ಕೆ ಅದು ಗುರುತು. ಕಾಣೆಯಾದ ನಕಾರದ ಕುರುಹಾಗಿ ಉಳಿದಿರುವುದು ಆ ಚುಕ್ಕಿಯೊಂದೇ. ಹೀಬ್ರೂವಿನ ನಂಟರಾದ ಸಿರಿಯಾಕ್ ಮತ್ತು ಅರಬ್ಬಿಯಲ್ಲಿ ‘ಹೆಂದು’, ‘ಹಿಂದ್’ ಎಂದು ನಕಾರ ನೆಟ್ಟಗೆ ಉಳಿದಿದೆ.

ಇನ್ನು, ಈ ಹೆಸರು ಸೂಚಿಸುತ್ತಿದ್ದ ನೆಲ. ಕ್ರಿ.ಪೂ. 520ರ ಸುಮಾರಿನ ಬೆಹಿಸ್ತೂನ್ ಬಂಡೆಶಾಸನದಲ್ಲಿ ಡೇರಿಯಸ್ ತನ್ನ ನಾಡುಗಳನ್ನು ಪಟ್ಟಿ ಮಾಡಿದ್ದಾನೆ. ಅದರಲ್ಲಿ ಗಂಧಾರವಿದೆ, ಹಿಂದುಶ್ ಇಲ್ಲ. ಅನಂತರದ ಶಾಸನಗಳಲ್ಲಿದೆ. ಎಂದರೆ ನಡುವೆ ಎಂದೋ ಸಿಂಧೂ ಕಣಿವೆ ಅವನ ಕೈಸೇರಿತು. ಪರ್ಸೆಪೊಲಿಸ್‌ನಲ್ಲಿ 1933ರಲ್ಲಿ ಸಿಕ್ಕ ಚಿನ್ನ ಬೆಳ್ಳಿಯ ಫಲಕಗಳಲ್ಲಿ ಅವನು ರಾಜ್ಯದ ನಾಲ್ಕು ಮೂಲೆಗಳನ್ನು ಹೇಳುತ್ತಾನೆ: ಸೊಗ್ದಿಯಾದಾಚೆಯ ಶಕರಿಂದ ಕೂಷ್‌ವರೆಗೆ, ಹಿಂದುಶ್‌ನಿಂದ ಸ್ಪರ್ದಾವರೆಗೆ. ಸೂಸಾದ ಅರಮನೆಯ ಶಾಸನದಲ್ಲಿ ದಂತ ಬಂದದ್ದು ಕೂಷ್, ಹಿಂದುಶ್ ಮತ್ತು ಹರಹುವತಿಯಿಂದ ಎಂದಿದೆ. ಎಸ್ತೇರಳ ಕಥೆ ನಡೆಯುವ ಶೂಷನ್ ಇದೇ ಸೂಸಾ. ಆ ಪುಸ್ತಕ ಬರೆದವರು ‘ಹೋದುವಿನಿಂದ ಕೂಷ್‌ವರೆಗೆ’ ಎಂದಾಗ ಪ್ರವಾಸಿಗರ ಮಾತನ್ನೋ ವ್ಯಾಪಾರಿಗಳ ಮಾತನ್ನೋ ಆಡುತ್ತಿಲ್ಲ. ಪರ್ಷಿಯಾದ ದರ್ಬಾರಿನ ಭಾಷೆಯನ್ನೇ ಅನುಕರಿಸುತ್ತಿದ್ದಾರೆ. ಹೋದು ಒಂದು ಗಡಿ, ಒಂದು ಕಂದಾಯದ ಪ್ರಾಂತ್ಯ. ಹೆರೊಡೋಟಸ್ ಪ್ರಕಾರ ಇಂಡಿಯನ್ನರು ಕಟ್ಟುತ್ತಿದ್ದ ಕಪ್ಪ 360 ಟ್ಯಾಲೆಂಟ್ ಚಿನ್ನದ ಪುಡಿ, ಅವರ ಪೂರ್ವಕ್ಕೆ ಇದ್ದದ್ದು ಬರೀ ಮರಳುಗಾಡು. ಆ ಭೂಗೋಳದಲ್ಲಿ ಗಂಗೆಗೇ ಜಾಗವಿಲ್ಲ, ಕಾವೇರಿಯ ಮಾತು ದೂರವೇ ಉಳಿಯಿತು. ಬೈಬಲಿನ ‘ಭಾರತ’ದ ಬಹುಪಾಲು ಇಂದಿನ ಪಾಕಿಸ್ತಾನದಲ್ಲಿದೆ.

ನಿಜಕ್ಕೂ ಹೆಮ್ಮೆಪಡಬೇಕೆನ್ನುವವರು ಅದೇ ಅಧ್ಯಾಯದಲ್ಲಿ ಐದು ವಚನ ಮುಂದೆ ಹೋಗಬಹುದು. ಅರಸನ ಔತಣಕ್ಕೆ ಇಳಿಬಿಟ್ಟ ಪರದೆಗಳ ಬಟ್ಟೆಯ ಹೆಸರು ಅಲ್ಲಿ ‘ಕರ್ಪಸ್’. ಸಂಸ್ಕೃತದ ಕಾರ್ಪಾಸ, ಹಿಂದಿಯ ಕಪಾಸ್, ಮರಾಠಿಯ ಕಾಪೂಸ್ ಎಲ್ಲ ಇದರ ಬಳಗ. ಹೀಬ್ರೂ ಬೈಬಲಿನಲ್ಲಿ ಹತ್ತಿ ಈ ಹೆಸರಿನಲ್ಲಿ ಬರುವುದು ಇದೊಂದೇ ಕಡೆ.

ಪರ್ಷಿಯಾದ ಸಾಮ್ರಾಜ್ಯ ಮಣ್ಣುಪಾಲಾದ ಮೇಲೆ ಹೆಸರು ಉಳಿಯಿತು, ಜಾಗ ಮಸುಕಾಯಿತು. ಬ್ಯಾಬಿಲೋನಿಯಾದ ಪಂಡಿತರಾದ ರಾವ್ ಮತ್ತು ಶ್ಮುವೇಲ್ ನಡುವಿನ ವಾದವೊಂದು ಟಾಲ್ಮುಡ್‌ನಲ್ಲಿದೆ. ಹೋದು ಲೋಕದ ಒಂದು ತುದಿ, ಕೂಷ್ ಇನ್ನೊಂದು ತುದಿ ಎಂದು ಒಬ್ಬರು. ಅಲ್ಲ, ಎರಡೂ ಅಕ್ಕಪಕ್ಕದ ನಾಡುಗಳು, ಅವನ್ನು ಆಳಿದಷ್ಟೇ ಸಲೀಸಾಗಿ ಅರಸ ಲೋಕವನ್ನೆಲ್ಲ ಆಳಿದ ಎಂದು ಮತ್ತೊಬ್ಬರು. ಡೇರಿಯಸ್‌ನ ಫಲಕ ಯಾರ ಕಣ್ಣಿಗೂ ಬೀಳದೆ ಮಣ್ಣಿನಡಿ ಇದ್ದ ಕಾಲ ಅದು. ಆ ಫಲಕದ ಇನ್ನೊಂದು ಮೂಲೆಯಾದ ಸ್ಪರ್ದಾ, ಈಗಿನ ಟರ್ಕಿಯ ಸಾರ್ಡಿಸ್, ಓಬದ್ಯನ ಪುಸ್ತಕದ ‘ಸೆಫಾರದ್’ ಎಂದು ಬಹಳ ಪಂಡಿತರ ಮತ. ಅದಂತೂ ಇನ್ನೂ ದೂರ ಅಲೆದು ಸ್ಪೇನಿನ ಹೆಸರಾಯಿತು. ‘ಸೆಫಾರ್ದಿ’ ಯೆಹೂದಿಗಳೆಂದು ಕರೆಯುವುದು ಅದರಿಂದಲೇ.

ಹೋದು ಅಷ್ಟು ಅಲೆಯಲಿಲ್ಲ, ಹಿಗ್ಗಿತು. ಇಂದಿನ ಹೀಬ್ರೂವಿನಲ್ಲಿ ಅದು ಇಡೀ ಇಂಡಿಯಾ. ಟರ್ಕಿ ಕೋಳಿಗೂ ಅದೇ ಹೆಸರು, ‘ತರ್ನೆಗೋಲ್ ಹೋದು’, ಹೋದುವಿನ ಹುಂಜ. ಹಕ್ಕಿ ಬಂದದ್ದು ಅಮೆರಿಕದಿಂದ. ಅಮೆರಿಕವನ್ನು ಇಂಡಿಯಾ ಎಂದುಕೊಂಡ ಯುರೋಪಿನ ಗೊಂದಲಕ್ಕೆ ಅದು ಸಾಕ್ಷಿ. ಡಚ್ಚರಂತೂ ಅದಕ್ಕೆ ನಮ್ಮ ಪಕ್ಕದ ಕಲ್ಲಿಕೋಟೆಯ ಹೆಸರಿಟ್ಟು ‘ಕಲ್ಕೂನ್’ ಅನ್ನುತ್ತಾರೆ. ಕೊಂಕಣದ ಹಳ್ಳಿಗಳಿಂದ, ಮುಂಬಯಿಯಿಂದ, ಕೊಚ್ಚಿಯಿಂದ ಇಸ್ರೇಲಿಗೆ ಹೋಗಿ ನೆಲೆಸಿದ ಯೆಹೂದಿಗಳು ಅಲ್ಲಿ ‘ಹೋದಿಮ್’. ಮರಾಠಿಯವರಿಗೂ ಮಲಯಾಳಿಗಳಿಗೂ ಒಂದೇ ಹೆಸರು, ಸಿಂಧೂ ನದಿಯದು, ನಕಾರವಿಲ್ಲದೆ.