ಜಾತ್ರೆ ಕಣದಲ್ಲಿ ಪೈಲವಾನನ ಬೆಲೆ: ಸಿರಸಂಗಿ ಸೀಮೆಯ ಕುಸ್ತಿ ಮತ್ತು ಜನಾಕರ್ಷಣೆಯ ಲೆಕ್ಕ

ಹೆಸರಾಂತ ಪೈಲವಾನನೊಬ್ಬ ಕಣಕ್ಕಿಳಿಯಲು ದೊಡ್ಡ ಮೊತ್ತ ಕೇಳಿದಾಗ ಅವನ ಕಡೆಯವರು ಕೊಡುವ ಸಮರ್ಥನೆ ಒಂದೇ: ಜನ ಬರುವುದೇ ಅವನನ್ನು ನೋಡಲು. ಬಾಕ್ಸಿಂಗ್ ಲೋಕದ ತಾರೆಗಳು ಕೋಟಿಗಟ್ಟಲೆ ಹಣ ಕೇಳುವುದೂ ಇದೇ ಮಾತಿನ ಬಲದ ಮೇಲೆ. ಸವದತ್ತಿ ತಾಲೂಕಿನ ಸಿರಸಂಗಿ ಮತ್ತು ಅದರ ಸುತ್ತಲಿನ ಬೈಲಹೊಂಗಲ, ಕಿತ್ತೂರು, ರಾಮದುರ್ಗ ಸೀಮೆಯ ಜಾತ್ರೆ ಕುಸ್ತಿಗೆ ಈ ವಾದ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂದು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಜನಾಕರ್ಷಣೆ ಸುಳ್ಳಲ್ಲ. ಆದರೆ ಅದನ್ನು ಹುಟ್ಟಿಸುವವರಲ್ಲಿ ಎದುರಾಳಿ, ಜಾತ್ರೆ, ಊರಿನ ಕಣ ಎಲ್ಲರೂ ಸೇರಿದ್ದಾರೆ. ಹಾಗಾಗಿ ತಾರೆಯೊಬ್ಬ ತನ್ನಿಂದ ಹೆಚ್ಚಾದ ಆದಾಯದಲ್ಲಿ ಪಾಲು ಕೇಳಬಹುದೇ ಹೊರತು, ಇಡೀ ಕಣದ ಹಣದ ಮೇಲೆ ಹಕ್ಕು ಸಾಧಿಸಲಾಗದು ಎಂಬುದು ಇಲ್ಲಿನ ವಾದ.

1. ಎದುರಾಳಿಯ ಪಾಲು

ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸೆನ್ 1981ರಲ್ಲಿ ಪ್ರಕಟಿಸಿದ ತಾರೆಗಳ ಅರ್ಥಶಾಸ್ತ್ರದ ಲೇಖನ ಈ ಚರ್ಚೆಗೆ ಒಂದು ಬುನಾದಿ. ಒಂದೇ ಪ್ರದರ್ಶನವನ್ನು ಹೆಚ್ಚು ಖರ್ಚಿಲ್ಲದೆ ಲಕ್ಷಾಂತರ ಜನರಿಗೆ ತಲುಪಿಸಲು ಸಾಧ್ಯವಾದಾಗ, ಕೌಶಲದಲ್ಲಿ ಕೂದಲೆಳೆಯಷ್ಟು ಮುಂದಿರುವವನೂ ಗಳಿಕೆಯಲ್ಲಿ ಬಹಳ ಮುಂದೆ ಹೋಗುತ್ತಾನೆ ಎಂಬುದು ಅದರ ತಿರುಳು. 2015ರ ಮೇವೆದರ್–ಪಕಿಯಾವೋ ಬಾಕ್ಸಿಂಗ್ ಕಾಳಗವನ್ನು ಅಮೆರಿಕದಲ್ಲಿ ಸುಮಾರು 46 ಲಕ್ಷ ಖರೀದಿದಾರರು ದುಡ್ಡು ಕೊಟ್ಟು ಟಿವಿಯಲ್ಲಿ ನೋಡಿದರು. ಅಲ್ಲಿ ಮೇವೆದರ್ ದೊಡ್ಡ ಮೊತ್ತ ಕೇಳಿದ್ದಕ್ಕೆ ಎಣಿಸಬಹುದಾದ ಆಧಾರವಿತ್ತು.

ಆದರೆ ಅದೇ ಕಾಳಗದ ಒಪ್ಪಂದದಲ್ಲಿ ಹಣ ಹಂಚಿಕೆಯಾದದ್ದು 60ಕ್ಕೆ 40ರಂತೆ. ಎದುರಾಳಿಗೆ ನೂರಕ್ಕೆ ನಲವತ್ತು ಕೊಡದೆ ಆ ಕಾಳಗ ನಡೆಯುವಂತಿರಲಿಲ್ಲ. 1971ರಲ್ಲಿ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್, ಇಬ್ಬರೂ ಅದುವರೆಗೆ ಸೋಲರಿಯದವರು, ಎದುರಾದಾಗ ತಲಾ 25 ಲಕ್ಷ ಡಾಲರ್ ಸಮಸಮ ಪಡೆದರು. ಇದರ ಹಿಂದಿನ ತತ್ವವನ್ನು ಅರ್ಥಶಾಸ್ತ್ರಜ್ಞ ವಾಲ್ಟರ್ ನೀಲ್ 1964ರಲ್ಲೇ ಬಿಡಿಸಿ ಹೇಳಿದ್ದರು. ಅವರು ಎತ್ತಿಕೊಂಡ ಉದಾಹರಣೆ ಜೋ ಲೂಯಿಸ್ ಮತ್ತು ಮ್ಯಾಕ್ಸ್ ಶ್ಮೆಲಿಂಗ್. 1936ರಲ್ಲಿ ಶ್ಮೆಲಿಂಗ್ ಕೈಯಲ್ಲಿ ಲೂಯಿಸ್ ಸೋತಿದ್ದ. 1938ರ ಮರುಕಾಳಗದಲ್ಲಿ ಮೊದಲ ಸುತ್ತಿನಲ್ಲೇ ಗೆದ್ದ. ಆ ಮರುಕಾಳಗಕ್ಕೆ ಜಗತ್ತೇ ಕಿವಿಗೊಟ್ಟು ಕೂತಿದ್ದರ ಹಿಂದೆ ಆ ಮೊದಲ ಸೋಲೂ ಇತ್ತು. ಸರಿಸಾಟಿ ಇಲ್ಲದ ಮಲ್ಲನಿಗೆ ಮಾರಲು ಸರಕೇ ಇರುವುದಿಲ್ಲ.

ನಮ್ಮ ಕಣದವರಿಗೆ ಇದು ಹೊಸ ವಿಚಾರವಲ್ಲ. ಕುಸ್ತಿ ಗೊತ್ತುಮಾಡುವ ಹಿರಿಯರು ‘ಜೋಡಿ’ ಹಚ್ಚುವುದಕ್ಕೆ ಕೊಡುವಷ್ಟು ಹೊತ್ತನ್ನು ಬೇರಾವುದಕ್ಕೂ ಕೊಡುವುದಿಲ್ಲ. 1977ರಲ್ಲಿ ಬೆಳಗಾವಿಯಲ್ಲಿ ಹರಿಶ್ಚಂದ್ರ ಬಿರಾಜದಾರ ಸತ್ಪಾಲರನ್ನು ಸೋಲಿಸಿದ ಕುಸ್ತಿಯನ್ನು ಈ ಭಾಗದ ಕುಸ್ತಿಪ್ರಿಯರು ಇಂದಿಗೂ ನೆನೆಯುತ್ತಾರೆ. ಒಂದು ಕಡೆ ಕೊಲ್ಲಾಪುರದ ತಾಲೀಮು, ಇನ್ನೊಂದು ಕಡೆ ದಿಲ್ಲಿಯ ಗುರು ಹನುಮಾನ್ ಗರಡಿ. ಇಬ್ಬರಲ್ಲಿ ಒಬ್ಬನನ್ನು ತೆಗೆದರೂ ಆ ದಿನದ ನೆನಪು ಉಳಿಯುವುದಿಲ್ಲ.

2. ಆಶ್ರಯ, ವರ್ಗಣಿ, ಟಿಕೆಟ್

ಮಲ್ಲನಿಗೆ ಹಣ ಬರುವ ದಾರಿ ಕನ್ನಡ ನಾಡಿನಲ್ಲಿ ಮೂರು ಬಗೆಯದು. ಮೊದಲನೆಯದು ರಾಜಾಶ್ರಯ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದದ ಭಾಗವಿದೆ. ಮಲ್ಲರನ್ನು ಅವರ ಯೋಗ್ಯತೆಗೆ ತಕ್ಕಂತೆ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿ, ಅವರ ಆಹಾರ ಮತ್ತು ಸಾಧನೆಯ ಹೊಣೆಯನ್ನು ಅರಸನಿಗೇ ಅದು ವಹಿಸುತ್ತದೆ. ಈ ವ್ಯವಸ್ಥೆಯಲ್ಲಿ ಮಲ್ಲನಿಗೆ ಸಿಗುವುದು ಪೋಷಣೆ. ಎಷ್ಟು ಜನ ನೋಡಲು ಬಂದರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು ಇಪ್ಪತ್ತನೇ ಶತಮಾನದಲ್ಲೂ ಇದೇ ಪರಂಪರೆಯನ್ನು ದೊಡ್ಡದಾಗಿ ನಡೆಸಿದರು. ಅವರ ಕಾಲದಲ್ಲಿ, 1912ರಲ್ಲಿ, ಸಿದ್ಧವಾದ ಖಾಸಬಾಗ್ ಮೈದಾನ ಗಡಿ ಸೀಮೆಯ ಕನ್ನಡ ಪೈಲವಾನರಿಗೂ ಕಾಶಿಯಾಯಿತು. ಚಿಕ್ಕೋಡಿ ಭಾಗದ ಯಕ್ಸಂಬಾದಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಪಳಗಿದ ಶ್ರೀಪತಿ ಖಂಚನಾಳೆ 1959ರಲ್ಲಿ ದಿಲ್ಲಿಯಲ್ಲಿ ಬಂತಾ ಸಿಂಗ್ ಅವರನ್ನು ಮಣಿಸಿ ಹಿಂದ್ ಕೇಸರಿಯಾದರು.

ಎರಡನೆಯದು ಊರ ವರ್ಗಣಿ. ಜಾತ್ರೆ ಕುಸ್ತಿ ನಿಂತಿರುವುದು ಇದರ ಮೇಲೆ. ಮೂರನೆಯದು ಟಿಕೆಟ್ ಮತ್ತು ಪ್ರಾಯೋಜಕರ ಹಣದಿಂದ ನಗರಗಳಲ್ಲಿ ನಡೆಯುವ ಮೈದಾನ. ತಾರೆಯ ಆಕರ್ಷಣೆಯನ್ನು ನೇರವಾಗಿ ಅಳೆಯಲು ಬರುವುದು ಈ ಮೂರನೆಯದರಲ್ಲಿ ಮಾತ್ರ. ಅಲ್ಲಿ ಹುಟ್ಟಿದ ದರವನ್ನು ಎರಡನೆಯದಕ್ಕೆ ತಂದು ಹಚ್ಚುವುದರಿಂದಲೇ ಇಂದಿನ ತಕರಾರುಗಳು ಏಳುತ್ತವೆ.

3. ಜಾತ್ರೆ ಕಣದ ಒಳಗೆ

ಸಿರಸಂಗಿಯ ಕಾಳಿಕಾದೇವಿ ಜಾತ್ರೆ ನೆರೆಯುವುದು ಯುಗಾದಿಯ ಹೊತ್ತಿಗೆ. ಹಿಂಗಾರಿ ಜೋಳ, ಗೋಧಿ, ಕಡಲೆ ಮನೆ ಸೇರಿ, ಎರಿ ಭೂಮಿಯ ರೈತನ ಕೈಯಲ್ಲಿ ನಾಲ್ಕು ದುಡ್ಡು ಆಡುವ ಕಾಲ ಅದು. ಈ ಸೀಮೆಯ ಊರುಗಳು ಜಾತ್ರೆಯಲ್ಲಿ ಜಂಗಿ ನಿಕಾಲಿ ಕುಸ್ತಿ, ಅಂದರೆ ಸೋಲು ಗೆಲುವು ಇತ್ಯರ್ಥವಾಗಬೇಕಾದ ದೊಡ್ಡ ಕುಸ್ತಿ, ಇಡುವುದೂ, ಅದಕ್ಕೆ ಮನೆಮನೆ ಪಟ್ಟಿ ಎತ್ತುವುದೂ ಸುಗ್ಗಿಯ ಈ ಬಲದ ಮೇಲೆಯೇ.

ಕಣದಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಹದ ಮಾಡಿದ ಕೆಂಪು ಮಣ್ಣಿನ ಸುತ್ತ ಜನ ಒತ್ತಾಗಿ ಕೂತಿರುತ್ತಾರೆ. ಹಲಗಿ ಬಾರಿಸುತ್ತಿದ್ದಂತೆ ಮೊದಲು ಇಳಿಯುವವರು ಹತ್ತು ಹನ್ನೆರಡು ವರ್ಷದ ಹುಡುಗರು. ಅವರ ಬಹುಮಾನ ತೆಂಗಿನಕಾಯಿ ಇಲ್ಲವೇ ಸಣ್ಣ ನೋಟು. ಜೋಡಿಗಳು ಏರುತ್ತ ಹೋದಂತೆ ಇನಾಮೂ ಏರುತ್ತದೆ. ಮೈಕಿನಲ್ಲಿ ವರ್ಗಣಿದಾರರ ಹೆಸರು ಕೂಗುತ್ತಲೇ ಇರುತ್ತಾರೆ. ಗೆದ್ದ ಹುಡುಗ ಮೈಮೇಲಿನ ಮಣ್ಣು ಕೊಡವದೆ ಕಣದ ಸುತ್ತ ಒಂದು ಸುತ್ತು ಬರುತ್ತಾನೆ. ಕೂತವರು ಅವನ ಕೈಗೆ ಹತ್ತು, ಇಪ್ಪತ್ತು, ಐವತ್ತರ ನೋಟು ತುರುಕುತ್ತಾರೆ. ಬೆಳ್ಳಿ ಕಡಗದ ಕೊನೆಯ ಕುಸ್ತಿ ಹೊತ್ತು ಮುಳುಗುವ ವೇಳೆಗೆ. ಚಿತ್ ಆಗದೆ ಬರಾಬರಿಯಾದರೆ ಪಂಚರು ಇನಾಮನ್ನು ಇಬ್ಬರಿಗೂ ಹಂಚುತ್ತಾರೆ.

ಈ ನಡಾವಳಿಯಿಂದ ಎರಡು ಸಂಗತಿ ಸ್ಪಷ್ಟವಾಗುತ್ತವೆ. ಒಂದು, ಜನ ಮೊದಲೇ ನೆರೆದಿರುತ್ತಾರೆ. ಅವರನ್ನು ಕರೆತಂದದ್ದು ದೇವಿ. ಎರಡು, ಪೈಲವಾನನಿಂದ ಜನ ಹೆಚ್ಚಾದರೂ ಆ ಹೆಚ್ಚಳ ಸಮಿತಿಯ ಪೆಟ್ಟಿಗೆಗೆ ಬೀಳುವುದಿಲ್ಲ. ಅದರ ಲಾಭ ಹೋಗುವುದು ಬೆಂಡು ಬತ್ತಾಸಿನ ಅಂಗಡಿಗೆ, ಚಹಾದಂಗಡಿಗೆ, ಬಾಡಿಗೆ ಗಾಡಿಯವರಿಗೆ.

ಒಂದು ಕಲ್ಪಿತ ಲೆಕ್ಕ ಹಾಕೋಣ. ಊರಿನ ವರ್ಗಣಿ 5 ಲಕ್ಷ ರೂಪಾಯಿ, ನಲವತ್ತು ಜೋಡಿ. ತಾರೆಯೊಬ್ಬ 2 ಲಕ್ಷ ಕೇಳುತ್ತಾನೆ. ಅವನ ಹೆಸರು ಕೇಳಿ ವರ್ಗಣಿ 6 ಲಕ್ಷಕ್ಕೆ ಏರಿತು ಎಂದುಕೊಂಡರೂ ಅವನು ತಂದದ್ದು 1 ಲಕ್ಷ. ಉಳಿದ 1 ಲಕ್ಷ ಬರುವುದು ಕೆಳಗಿನ ಜೋಡಿಗಳ ಇನಾಮಿನಿಂದ. ಅಂದರೆ ತೆಂಗಿನಕಾಯಿಗಾಗಿ ಸೆಣಸುವ ಹುಡುಗನ ಪಾಲು ಕರಗಿ ತಾರೆಯ ಕೈ ಸೇರುತ್ತದೆ. ಟಿಕೆಟ್ ಇಟ್ಟ ಮೈದಾನದಲ್ಲಿ ಅದೇ ತಾರೆ ಮಾರಾಟವನ್ನು 4 ಲಕ್ಷ ಹೆಚ್ಚಿಸಿದರೆ, ಅವನ 2 ಲಕ್ಷದ ಬೇಡಿಕೆ ಪೂರ್ತಿ ನ್ಯಾಯವಾದದ್ದು. ಬೇಡಿಕೆ ಎರಡೂ ಕಡೆ ಒಂದೇ ಇದ್ದರೂ ಅದು ನ್ಯಾಯವೋ ಅಲ್ಲವೋ ಎಂಬುದನ್ನು ಹಣದ ಮೂಲ ನಿರ್ಧರಿಸುತ್ತದೆ.

4. ಖುರಾಕಿನ ವಾದ

ಪೈಲವಾನನ ಪರವಾಗಿ ಇನ್ನೊಂದು ಗಟ್ಟಿ ಮಾತಿದೆ. ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಮಾಂಸ ಎಂದು ಖುರಾಕಿನ ಖರ್ಚು ವರ್ಷವಿಡೀ ತಪ್ಪದು. ಕುಸ್ತಿ ಸಿಗುವುದು ಜಾತ್ರೆಯ ಕೆಲವೇ ತಿಂಗಳು. ಮೊಣಕಾಲೋ ಭುಜವೋ ಒಮ್ಮೆ ಕೈಕೊಟ್ಟರೆ ಗಳಿಕೆ ಅಲ್ಲಿಗೇ ನಿಂತಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಖಾಶಾಬಾ ಜಾಧವರ ಪ್ರಯಾಣಕ್ಕೆ ಊರವರು ಹಣ ಕೂಡಿಸಬೇಕಾಯಿತು. ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಾಚಾರ್ಯ ಖರ್ಡೇಕರ್ ಮನೆ ಒತ್ತೆಯಿಟ್ಟು 7,000 ರೂಪಾಯಿ ಹೊಂದಿಸಿದರು. ಇಂಥ ಅಭದ್ರತೆಯಲ್ಲಿ ಬದುಕುವವನು ಸಿಕ್ಕಾಗ ಹೆಚ್ಚು ಕೇಳಿದರೆ ತಪ್ಪು ಎನ್ನಲಾಗದು.

ಆದರೆ ಇದು ಅಗತ್ಯದ ವಾದ, ಆಕರ್ಷಣೆಯದಲ್ಲ. ಖುರಾಕಿನ ಕಷ್ಟ ತಾರೆಗಿಂತ ಹೆಸರಿಲ್ಲದ ಪೈಲವಾನನಿಗೇ ಹೆಚ್ಚು. ಅಗತ್ಯವನ್ನು ಮುಂದಿಟ್ಟು ಕೇಳಿದ ಹಣ ಒಬ್ಬನಲ್ಲೇ ಉಳಿದರೆ ಆ ವಾದವೇ ಬಿದ್ದುಹೋಗುತ್ತದೆ. ಅದಲ್ಲದೆ, ಗೆದ್ದರೂ ಸೋತರೂ ಪೂರ್ತಿ ಹಣ ಎಂದು ಮೊದಲೇ ಖಾತ್ರಿಯಾದಾಗ ಒಳಒಪ್ಪಂದದ ಕುಸ್ತಿಗೆ ದಾರಿಯಾಗುತ್ತದೆ. ಒಮ್ಮೆ ಜನರಿಗೆ ಆ ಗುಮಾನಿ ಬಂದರೆ ತಾರೆಯ ಆಕರ್ಷಣೆಯ ಜೊತೆಗೆ ಕಣದ ಮಾನವೂ ಹೋಗುತ್ತದೆ.

5. ಹಂಚಿಕೆಯ ಮೂರು ಸೂತ್ರ

ಈ ವಿಶ್ಲೇಷಣೆಯಿಂದ ಜಾತ್ರೆ ಸಮಿತಿಗಳಿಗೆ ಉಪಯೋಗವಾಗುವ ಮೂರು ಸೂತ್ರಗಳು ಹೊರಡುತ್ತವೆ. ದೊಡ್ಡ ಜೋಡಿಯ ಹಣದಲ್ಲಿ ಸಣ್ಣ ಭಾಗವನ್ನು ಮಾತ್ರ ಮುಂಗಡ ಖಾತ್ರಿ ಮಾಡಿ, ಉಳಿದದ್ದನ್ನು ನಿಕಾಲಿ ಫಲಿತಾಂಶಕ್ಕೆ ಕಟ್ಟಬೇಕು. ತಾರೆಯ ಹೆಸರಿನಲ್ಲಿ ಬಂದ ಹೆಚ್ಚುವರಿ ವರ್ಗಣಿ ಮತ್ತು ಪ್ರಾಯೋಜಕರ ಹಣದ ಲೆಕ್ಕವನ್ನು ಬೇರೆ ಬರೆದು, ಅದರಲ್ಲಿ ದೊಡ್ಡ ಪಾಲನ್ನು ಅವನಿಗೂ ಅವನ ಜೋಡಿಗೂ ಧಾರಾಳವಾಗಿ ಕೊಡಬೇಕು. ಮೂಲ ವರ್ಗಣಿಯನ್ನು ಮಾತ್ರ ಕೆಳಗಿನ ಜೋಡಿಗಳಿಗೆ ಮತ್ತು ಊರ ಗರಡಿಗೆ ಮೀಸಲಿಡಬೇಕು.

ಮೂರನೆಯ ಸೂತ್ರಕ್ಕೆ ಸಿರಸಂಗಿಯಲ್ಲೇ ಮೇಲ್ಪಂಕ್ತಿಯಿದೆ. ಇಲ್ಲಿನ ದೇಸಾಯಿ ಲಿಂಗರಾಜರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬಿಟ್ಟುಹೋದರು. ಅದರ ಆಸರೆಯಲ್ಲಿ ಓದಿ ಮುಂದೆ ಬಂದವರು ಹಲವು ತಲೆಮಾರಿನವರು. ಒಬ್ಬರ ಕೈಯಲ್ಲಿದ್ದ ಸಂಪತ್ತು ಮುಂದಿನವರನ್ನು ಬೆಳೆಸುವ ಬಂಡವಾಳವಾಗಬಹುದು ಎಂಬುದನ್ನು ಈ ಊರು ನೂರು ವರ್ಷಕ್ಕೂ ಮೊದಲೇ ಕಂಡಿದೆ. ಗರಡಿಗೂ ಅದೇ ದೂರದೃಷ್ಟಿ ಬೇಕು.

ಹೆಸರಾಂತ ಪೈಲವಾನ ತನ್ನ ಬೆಲೆ ಕೇಳಲಿ. ದುಡಿಮೆಯಿಂದ ಬಂದ ಕೀರ್ತಿಗೆ ಬೆಲೆಯಿದೆ. ಆದರೆ ಅವನೂ ಒಂದು ದಿನ ತೆಂಗಿನಕಾಯಿ ಕುಸ್ತಿಯಿಂದಲೇ ಮೇಲೆ ಬಂದವನು. ಆ ಕುಸ್ತಿ ನಿಂತುಹೋದರೆ ನಾಳೆ ಅವನ ಎದುರು ನಿಲ್ಲುವ ಜೋಡಿಯೂ ಇರುವುದಿಲ್ಲ, ಅವನ ಬೇಡಿಕೆಗೆ ಕಿವಿಗೊಡುವ ಕಣವೂ ಇರುವುದಿಲ್ಲ. ಆದ್ದರಿಂದ ಕೆಳಗಿನ ಜೋಡಿಗಳ ಇನಾಮನ್ನು ಕಾಯುವುದು ತಾರೆಗೆ ವಿರುದ್ಧವಾದ ನಿಲುವಲ್ಲ. ಅವನ ಬೆಲೆಯನ್ನೂ ಉಳಿಸುವ ದಾರಿ ಅದೇ.