ವಿಸ್ಟಾ: ಅಪವಾದ ಹೊತ್ತ ವ್ಯವಸ್ಥೆ

ವಿಂಡೋಸ್ ಗಣಕದಲ್ಲಿ ಹೊಸ ತಂತ್ರಾಂಶವೊಂದನ್ನು ಅಳವಡಿಸಲು ಹೊರಟಾಗ ಪರದೆ ಮಬ್ಬಾಗಿ, ಈ ಬದಲಾವಣೆಗೆ ನಿಮ್ಮ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆ ಮೂಡುವುದನ್ನು ನೀವು ನೋಡಿರುತ್ತೀರಿ. ವಿಂಡೋಸ್‌ನಲ್ಲಿ ಈ ಪ್ರಶ್ನೆಯನ್ನು ಮೊದಲು ಕೇಳಿದ್ದು 2007ರ ಜನವರಿ 30ರಂದು ಮಾರುಕಟ್ಟೆಗೆ ಬಂದ ವಿಸ್ಟಾ. ಕೇಳಿದ್ದಕ್ಕಾಗಿ ಅದು ನಗೆಪಾಟಲಾಯಿತು. ವಿಸ್ಟಾ ಎಂದರೆ ಸೋತ ವ್ಯವಸ್ಥೆ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ಎಷ್ಟು ಸರಿ?

ಹಿನ್ನೆಲೆ ನೋಡೋಣ. ವಿಸ್ಟಾಕ್ಕೆ ಮುಂಚಿನ ಎಕ್ಸ್‌ಪಿ 2001ರಲ್ಲಿ ಬಂದಿತ್ತು. ಮನೆಗಳಲ್ಲಿ ಅದನ್ನು ಬಳಸುತ್ತಿದ್ದವರ ಪೈಕಿ ಹೆಚ್ಚಿನವರು ಸರ್ವಾಧಿಕಾರವುಳ್ಳ ಖಾತೆಯಲ್ಲೇ ಕೆಲಸ ಮಾಡುತ್ತಿದ್ದರು. ಅವರು ತೆರೆದ ಯಾವುದೇ ತಂತ್ರಾಂಶಕ್ಕೂ, ಅದು ವೈರಸ್ಸೇ ಆಗಿದ್ದರೂ, ಅದೇ ಅಧಿಕಾರ ದೊರೆಯುತ್ತಿತ್ತು. 2003ರಲ್ಲಿ ಬ್ಲಾಸ್ಟರ್, 2004ರಲ್ಲಿ ಸಾಸರ್ ಎಂಬ ಗಣಕ ಹುಳುಗಳು ಜಗತ್ತಿನಾದ್ಯಂತ ಹರಡಿ ವಿಂಡೋಸ್‌ನ ಭದ್ರತೆ ಎಷ್ಟು ಸಡಿಲ ಎಂಬುದನ್ನು ತೋರಿಸಿದವು. 2004ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 'ಲಾಂಗ್‌ಹಾರ್ನ್' ಎಂಬ ಗುಪ್ತನಾಮದಲ್ಲಿ ನಡೆಸಿದ್ದ ಕೆಲಸದ ಬಹುಭಾಗವನ್ನು ಬದಿಗಿಟ್ಟು, ಸರ್ವರ್ 2003ರ ತಳಹದಿಯ ಮೇಲೆ ಮತ್ತೆ ಆರಂಭಿಸಿತು.

ವಿಸ್ಟಾದ ಮೇಲಿನ ದೂರುಗಳೆಲ್ಲ ಸುಳ್ಳಲ್ಲ. ಕನಿಷ್ಠ 512 ಮೆಗಾಬೈಟ್ ಸ್ಮೃತಿ ಸಾಕೆಂದು ಹೇಳಿದ್ದರೂ ಅಷ್ಟರಲ್ಲಿ ಅದು ತೆವಳುತ್ತಿತ್ತು. ಅದರ ಗಾಜಿನಂಥ ಹೊಸ ಹೊರರೂಪವನ್ನು ತೋರಿಸಲಾಗದ ಗಣಕಗಳಿಗೂ 'ವಿಸ್ಟಾಕ್ಕೆ ಯೋಗ್ಯ' ಎಂಬ ಚೀಟಿ ಅಂಟಿಸಲಾಗಿತ್ತು. ಅಮೆರಿಕದ ಗ್ರಾಹಕರು 2007ರಲ್ಲಿ ಇದರ ವಿರುದ್ಧ ಮೊಕದ್ದಮೆಯನ್ನೇ ಹೂಡಿದರು. ಇವು ಮಾರಾಟಗಾರರ ತಪ್ಪುಗಳು. ಒಳಗಿನ ರಚನೆಯನ್ನು ಇವುಗಳಿಂದ ಅಳೆಯುವುದು ನ್ಯಾಯವಲ್ಲ.

ಒಳಗೆ ಆದದ್ದೇನು? ವಿಸ್ಟಾದಲ್ಲಿ ಗಣಕದ ಒಡೆಯನೂ ಸೀಮಿತ ಅಧಿಕಾರದಿಂದಲೇ ಕೆಲಸ ಮಾಡುತ್ತಾನೆ. ಹೆಚ್ಚಿನ ಅಧಿಕಾರ ಬೇಕಾದಾಗ ಮಾತ್ರ ಒಪ್ಪಿಗೆ ಕೊಡಬೇಕು. ಎರಡನೆಯದಾಗಿ, ಗಣಕ ಪ್ರತಿ ಬಾರಿ ಆರಂಭವಾದಾಗಲೂ ವ್ಯವಸ್ಥೆಯ ಮುಖ್ಯ ಭಾಗಗಳು ಸ್ಮೃತಿಯಲ್ಲಿ ಬೇರೆ ಬೇರೆ ಸ್ಥಾನಗಳಲ್ಲಿ ಕೂರುತ್ತವೆ. ದಿನವೂ ಜಾಗ ಬದಲಿಸುವ ತಿಜೋರಿಯನ್ನು ಕಳ್ಳ ಹುಡುಕುವುದು ಕಷ್ಟ ತಾನೆ? ಮೂರನೆಯದಾಗಿ, ಪರದೆಯ ಚಿತ್ರಗಳನ್ನು ನಿಭಾಯಿಸುವ ಡ್ರೈವರ್‌ನ ಬಹುಭಾಗವನ್ನು ವ್ಯವಸ್ಥೆಯ ತಿರುಳಿನಿಂದ ಹೊರಗಿಡಲಾಯಿತು. ಅದು ಸ್ತಬ್ಧವಾದರೂ ಅನೇಕ ವೇಳೆ ಇಡೀ ಗಣಕವನ್ನು ಮರುಚಾಲನೆ ಮಾಡಬೇಕಾಗಿಲ್ಲ.

ಇಂಥ ಬದಲಾವಣೆಗಳಿಗೆ ತಕ್ಕ ಬೆಲೆ ತೆರಬೇಕಾಯಿತು. ಯಂತ್ರಾಂಶ ತಯಾರಕರು ಹೊಸ ಡ್ರೈವರ್‌ಗಳನ್ನು ಸಕಾಲಕ್ಕೆ ಸಿದ್ಧಪಡಿಸಿರಲಿಲ್ಲ. ಹಳೆಯ ತಂತ್ರಾಂಶಗಳೋ, ಅಗತ್ಯವಿಲ್ಲದಿದ್ದರೂ ಸರ್ವಾಧಿಕಾರ ಕೇಳುವಂತೆ ರಚಿತವಾಗಿದ್ದವು. ಆದ್ದರಿಂದಲೇ ಅಷ್ಟೊಂದು ಪ್ರಶ್ನೆಗಳು. ಆದರೆ ಪ್ರಿಂಟರ್ ನಿಂತಾಗಲೂ ಪ್ರಶ್ನೆ ಮೂಡಿದಾಗಲೂ ಬಳಕೆದಾರರು ಬೈದದ್ದು ವಿಸ್ಟಾವನ್ನೇ.

ಕನ್ನಡಿಗರಿಗೂ ಇದರಿಂದ ಒಂದು ಅನುಕೂಲವಾಯಿತು. ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡ ಇತ್ತಾದರೂ ಒತ್ತಕ್ಷರಗಳು ಸರಿಯಾಗಿ ಮೂಡಲು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆ ಸೌಲಭ್ಯವನ್ನು ಪ್ರತ್ಯೇಕವಾಗಿ ಆಯ್ದು, ಸಾಮಾನ್ಯವಾಗಿ ವಿಂಡೋಸ್ ಸಿ.ಡಿ.ಯನ್ನೂ ಹುಡುಕಿ ತಂದು ಅಳವಡಿಸಿಕೊಳ್ಳಬೇಕಿತ್ತು. ವಿಸ್ಟಾದಲ್ಲಿ ಅದು ಮೊದಲೇ ಸಿದ್ಧವಾಗಿತ್ತು.

2009ರ ಅಕ್ಟೋಬರ್‌ನಲ್ಲಿ ವಿಂಡೋಸ್ 7 ಬಂದಾಗ ಎಲ್ಲರೂ ಮೆಚ್ಚಿದರು. ಅದರ ಒಳಗಿನ ಆವೃತ್ತಿ ಸಂಖ್ಯೆ 6.1, ವಿಸ್ಟಾದ್ದು 6.0. ವಿಂಡೋಸ್ 7ರಲ್ಲಿ ಪ್ರಶ್ನೆಗಳು ಕಡಿಮೆಯಾದವು, ವೇಗ ಸುಧಾರಿಸಿತು ನಿಜ. ಆದರೆ ಅಷ್ಟರಲ್ಲಿ ಗಣಕಗಳ ಸ್ಮೃತಿ ಹೆಚ್ಚಿತ್ತು, ಡ್ರೈವರ್‌ಗಳು ಸಿದ್ಧವಾಗಿದ್ದವು, ತಂತ್ರಾಂಶ ರಚಿಸುವವರೂ ಪಾಠ ಕಲಿತಿದ್ದರು. ವಿಸ್ಟಾ ಉತ್ತ ಹೊಲದಲ್ಲಿ ವಿಂಡೋಸ್ 7 ಬೆಳೆ ತೆಗೆಯಿತು.

ವಿಸ್ಟಾಕ್ಕೆ ನೀಡುತ್ತಿದ್ದ ಬೆಂಬಲ 2017ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು. ಆದರೆ ಅದು ತಂದ ಕಾವಲು ವಿಂಡೋಸ್‌ನಲ್ಲಿ ಉಳಿದಿದೆ. ಮುಂದಿನ ಬಾರಿ ಪರದೆ ಮಬ್ಬಾದಾಗ ಅವಸರದಲ್ಲಿ 'ಹೌದು' ಒತ್ತಬೇಡಿ. ಯಾವ ತಂತ್ರಾಂಶ ಅಧಿಕಾರ ಕೇಳುತ್ತಿದೆ ಎಂದು ಓದಿ ನೋಡಿ. ಆ ಪ್ರಶ್ನೆ ನಿಮ್ಮ ರಕ್ಷಣೆಗಾಗಿಯೇ ಇದೆ.