ರಾಮದುರ್ಗದ ರಸ್ತೆಗಳು: ಯಾವ ಸಂಖ್ಯೆ, ಯಾರ ಹೊಣೆ?

ಬೆಳಗಾವಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲಿರುವ ರಾಮದುರ್ಗ ತಾಲ್ಲೂಕಿಗೆ ರೈಲು ಮಾರ್ಗವಿಲ್ಲ. ಕಬ್ಬು ಕಾರ್ಖಾನೆಗೆ ಹೋಗುವುದಿರಲಿ, ರೋಗಿ ಆಸ್ಪತ್ರೆಗೆ ತಲುಪುವುದಿರಲಿ, ಎಲ್ಲಕ್ಕೂ ರಸ್ತೆಯೇ ಆಧಾರ. ಆದರೆ ಹದಗೆಟ್ಟ ರಸ್ತೆಯ ಬಗ್ಗೆ ಮನವಿ ಸಲ್ಲಿಸಲು ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ, ಅದು ಯಾರ ರಸ್ತೆ ಎಂಬುದು. ಉತ್ತರ ಅಡಗಿರುವುದು ರಸ್ತೆಯ ದರ್ಜೆ ಮತ್ತು ಸಂಖ್ಯೆಯಲ್ಲಿ.

ವರ್ಗೀಕರಣದ ಹಿನ್ನೆಲೆ

ಭಾರತದ ರಸ್ತೆಗಳನ್ನು ದರ್ಜೆಗಳಾಗಿ ವಿಂಗಡಿಸುವ ಕ್ರಮಕ್ಕೆ 1943ರ ನಾಗಪುರ ಯೋಜನೆ ತಳಹದಿ ಹಾಕಿತು. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ, ಇತರೆ ಜಿಲ್ಲಾ ರಸ್ತೆ, ಗ್ರಾಮ ರಸ್ತೆ ಎಂಬ ಇಂದಿನ ವಿಂಗಡಣೆಯ ಮೂಲ ಅಲ್ಲಿದೆ. ಆ ವೇಳೆಗೆ ರಾಮದುರ್ಗ ಪ್ರತ್ಯೇಕ ಸಂಸ್ಥಾನವಾಗಿತ್ತು. ಇಂದು ಇದೇ ತಾಲ್ಲೂಕಿನಲ್ಲಿರುವ ತೊರಗಲ್ಲು ಕೊಲ್ಹಾಪುರ ಸಂಸ್ಥಾನದ ಅಧೀನದ ಜಹಗೀರಾಗಿತ್ತು. ಸುತ್ತಲೂ ಬ್ರಿಟಿಷ್ ಆಡಳಿತದ ಜಿಲ್ಲೆಗಳಿದ್ದವು. 1948ರಲ್ಲಿ ರಾಮದುರ್ಗ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹೀಗೆ ಹಲವು ಆಳ್ವಿಕೆಗಳಲ್ಲಿ ಹಂಚಿಹೋಗಿದ್ದ ದಾರಿಗಳು ಒಂದೇ ಪಟ್ಟಿಗೆ ಬಂದವು.

ಹೆದ್ದಾರಿಗಳು

ರಾಜ್ಯ ಹೆದ್ದಾರಿಗಳನ್ನು ಸಾಮಾನ್ಯವಾಗಿ ಅವುಗಳ ಎರಡು ತುದಿಯ ಊರುಗಳಿಂದ ಗುರುತಿಸಲಾಗುತ್ತದೆ. ರಾಮದುರ್ಗವನ್ನು ರಾಯಚೂರು ಜಿಲ್ಲೆಯ ಮಾನ್ವಿಯೊಡನೆ ಜೋಡಿಸುವ ಮಾರ್ಗ ರಾಜ್ಯ ಹೆದ್ದಾರಿ 14. ರಾಮದುರ್ಗದಿಂದ ಬಾದಾಮಿಗೆ ಹೋಗುವವರು ಕುಳಗೇರಿ ಕ್ರಾಸ್‌ನಲ್ಲಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯನ್ನು ದಾಟುತ್ತಾರೆ. ಹಳೆಯ ನಕ್ಷೆಗಳಲ್ಲಿ 218 ಎಂದಿದ್ದ ಆ ರಾಷ್ಟ್ರೀಯ ಹೆದ್ದಾರಿ ಈಗ 52.

ತಾಲ್ಲೂಕಿನ ಉತ್ತರ ಭಾಗದಲ್ಲಿ ಸಾಲಹಳ್ಳಿಯ ಮೂಲಕ ಸಾಗುವ ಬೆಳಗಾವಿ–ಬಾಗಲಕೋಟೆ ಮಾರ್ಗವು ದೀರ್ಘಕಾಲ ರಾಯಚೂರು–ಬಾಚಿ ರಾಜ್ಯ ಹೆದ್ದಾರಿ 20ರ ಭಾಗವಾಗಿತ್ತು. ಬಾಚಿ ಎಂಬುದು ಬೆಳಗಾವಿಯ ಪಶ್ಚಿಮಕ್ಕೆ, ಮಹಾರಾಷ್ಟ್ರದ ಗಡಿಯ ಬಳಿ ಇರುವ ಊರು. ಬೆಳಗಾವಿ–ರಾಯಚೂರು ಮಾರ್ಗಕ್ಕೆ ಅನಂತರ ರಾಷ್ಟ್ರೀಯ ಹೆದ್ದಾರಿ 748ಎ ಎಂಬ ಸಂಖ್ಯೆ ದೊರೆಯಿತು.

ಈ ಸಂಖ್ಯೆ ಮನಬಂದಂತೆ ಕೊಟ್ಟದ್ದಲ್ಲ. 2010ರಲ್ಲಿ ಜಾರಿಗೆ ಬಂದ ಪದ್ಧತಿಯಂತೆ ಉತ್ತರ–ದಕ್ಷಿಣವಾಗಿ ಸಾಗುವ ಪ್ರಧಾನ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವ–ಪಶ್ಚಿಮವಾಗಿ ಸಾಗುವವುಗಳಿಗೆ ಬೆಸಸಂಖ್ಯೆ. ಮೂರು ಅಂಕಿಗಳಿದ್ದರೆ ಅದು ಕವಲು. ಕೊನೆಯ ಎರಡು ಅಂಕಿಗಳು ಮೂಲ ಹೆದ್ದಾರಿಯನ್ನು ಸೂಚಿಸುತ್ತವೆ. ಪುಣೆ–ಬೆಂಗಳೂರು ಮಾರ್ಗವನ್ನು ಒಳಗೊಂಡ ಹೆದ್ದಾರಿ 48. ಬೆಳಗಾವಿಯಿಂದ ಪಣಜಿಗೆ ಹೋಗುವ ಕವಲು 748. ಅದೇ ಸರಣಿಯ ಇನ್ನೊಂದು ಮಾರ್ಗ 748ಎ.

ಹಳ್ಳಿಯ ದಾರಿಗೂ ಸಂಖ್ಯೆ

2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಗ್ರಾಮೀಣ ರಸ್ತೆಗಳಿಗೂ ಗುರುತಿನ ಸಂಖ್ಯೆ ತಂದಿತು. ಹಲವು ಹಳ್ಳಿಗಳ ಸಂಚಾರವನ್ನು ಒಟ್ಟುಗೂಡಿಸಿ ಮುಖ್ಯ ರಸ್ತೆಗೆ ಒಯ್ಯುವ ಮಾರ್ಗಕ್ಕೆ ‘ಟಿ’, ಒಂದು ಜನವಸತಿಯನ್ನು ಅಂತಹ ಮಾರ್ಗಕ್ಕೆ ಜೋಡಿಸುವ ಕೂಡು ರಸ್ತೆಗೆ ‘ಎಲ್’ ಅಕ್ಷರವಿದ್ದು, ಅದರ ಮುಂದೆ ಕ್ರಮಸಂಖ್ಯೆ ಇರುತ್ತದೆ.

ಯಾವ ಊರಿಗೆ ರಸ್ತೆ ಸಿಗಬೇಕೆಂಬುದನ್ನು ಜನಸಂಖ್ಯೆ ನಿರ್ಧರಿಸುತ್ತಿತ್ತು. ಮೂಲ ಮಾರ್ಗಸೂಚಿಯಲ್ಲಿ ಬಯಲು ಪ್ರದೇಶಕ್ಕೆ 500 ಜನರ ಮಿತಿಯಿದ್ದರೆ, ಗುಡ್ಡಗಾಡಿಗೂ ಮರುಭೂಮಿ ಅಭಿವೃದ್ಧಿ ಕಾರ್ಯಕ್ರಮದ ಪ್ರದೇಶಗಳಿಗೂ 250. ಕರ್ನಾಟಕದಲ್ಲಿ ಮರಳುಗಾಡು ಇಲ್ಲದಿದ್ದರೂ ಒಣಹವೆಯ ಕಾರಣಕ್ಕೆ ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳ, ಬಳ್ಳಾರಿ, ದಾವಣಗೆರೆ ಜಿಲ್ಲೆಗಳು ಆ ಕಾರ್ಯಕ್ರಮದ ವ್ಯಾಪ್ತಿಗೆ ಬಂದಿದ್ದವು. ಬೆಳಗಾವಿ ಆ ಪಟ್ಟಿಯಲ್ಲಿರಲಿಲ್ಲ. ಗಡಿಯ ಆಚೆಗೂ ಈಚೆಗೂ ಅದೇ ಬಿಸಿಲು, ಅದೇ ಎರೆಮಣ್ಣು. ಆದರೆ ಜಿಲ್ಲೆ ಬೇರೆಯಾದುದರಿಂದ ರಾಮದುರ್ಗದ ಸಣ್ಣ ವಸತಿಗೆ ನಿಯಮವೂ ಬೇರೆಯಾಯಿತು.

ಮಣ್ಣು ಮತ್ತು ನೀರು

ಎರೆಮಣ್ಣು ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಕೂಡ ಕುಸಿದು ಬಿರುಕು ಬಿಡುತ್ತದೆ. ಆದ್ದರಿಂದ ಇಲ್ಲಿ ಗಟ್ಟಿ ತಳಪಾಯ ಮತ್ತು ಇಕ್ಕೆಲದ ಚರಂಡಿ ಮೇಲ್ಪದರದಷ್ಟೇ ಮುಖ್ಯ. ಮಳೆ ಕಡಿಮೆಯಾದರೂ ಪ್ರವಾಹದ ಭಯ ತಪ್ಪಿದ್ದಲ್ಲ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಹರಿದ ನೀರಿಗೆ ಮಲಪ್ರಭೆ ಉಕ್ಕಿ ತಾಲ್ಲೂಕಿನ ನದಿತೀರದ ಊರುಗಳು ಜಲಾವೃತವಾಗಿ, ಸಂಪರ್ಕ ಕಡಿತಗೊಂಡಿತ್ತು.

ಯಾರನ್ನು ಕೇಳಬೇಕು?

ರಾಷ್ಟ್ರೀಯ ಹೆದ್ದಾರಿಯ ಅಂತಿಮ ಹೊಣೆ ಕೇಂದ್ರ ಸರ್ಕಾರದ್ದು. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳನ್ನು ಲೋಕೋಪಯೋಗಿ ಇಲಾಖೆ ನೋಡಿಕೊಳ್ಳುತ್ತದೆ. ಗ್ರಾಮೀಣ ರಸ್ತೆಗಳು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ ವ್ಯಾಪ್ತಿಗೆ ಬರುತ್ತವೆ. ಗ್ರಾಮ ಸಡಕ್ ಯೋಜನೆಯ ಕಾಮಗಾರಿಗಳನ್ನು ಕರ್ನಾಟಕ ಗ್ರಾಮೀಣ ರಸ್ತೆ ಅಭಿವೃದ್ಧಿ ಸಂಸ್ಥೆ ನಿರ್ವಹಿಸುತ್ತದೆ. ಕಾಮಗಾರಿ ಮುಗಿದ ಅನಂತರ 5 ವರ್ಷಗಳ ನಿರ್ವಹಣೆ ಗುತ್ತಿಗೆದಾರನದೇ. ಪಟ್ಟಣದ ಒಳರಸ್ತೆಗಳು ಪುರಸಭೆಗೆ ಸೇರಿವೆ.

ಕಚೇರಿಗೆ ಹೋಗುವ ಮುನ್ನ ರಸ್ತೆ ಬದಿಯ ಕಿಲೋಮೀಟರ್ ಕಲ್ಲನ್ನು ನೋಡುವುದು ಲೇಸು. ಅದರ ತಲೆಯ ಬಣ್ಣ ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ, ಕಪ್ಪು ಅಥವಾ ನೀಲಿಯಾದರೆ ಜಿಲ್ಲಾ ರಸ್ತೆ, ಕಿತ್ತಳೆಯಾದರೆ ಗ್ರಾಮೀಣ ರಸ್ತೆ. ಮನವಿಯಲ್ಲಿ ಊರಿನ ಹೆಸರಿನೊಂದಿಗೆ ರಸ್ತೆಯ ಸಂಖ್ಯೆ ಮತ್ತು ಕಿಲೋಮೀಟರ್ ಬರೆದರೆ, ‘ಇದು ನಮ್ಮ ರಸ್ತೆಯಲ್ಲ’ ಎಂಬ ಉತ್ತರಕ್ಕೆ ಅವಕಾಶ ಕಡಿಮೆ.